ಇಂಟರ್ನ್‌ಶಿಪ್ ಲಾಗ್, ಆರನೇ ವಾರ: ಬಾಲ ಕತ್ತರಿಸಿದ ಇಮೇಲ್

ಕೊನೆಗೂ ಸಿಕ್ಕಿಬಿದ್ದ! ಮೂರು ವಾರ ನನ್ನ ತಲೆ ತಿಂದ ಕಳ್ಳ ಜಿಮೇಲ್‌ನ 102 ಕೆಬಿ ಮಿತಿ. ಇಮೇಲ್ ಅದಕ್ಕಿಂತ ದೊಡ್ಡದಾದರೆ ಜಿಮೇಲ್ ಅದರ ಬಾಲ ಕತ್ತರಿಸಿ ಬಚ್ಚಿಡುತ್ತದೆ.

ಐಡಿ ಕಾರ್ಡ್, ಲಾಗಿನ್, ಓರಿಯೆಂಟೇಶನ್ ಕಥೆ ಬಿಡುತ್ತೇನೆ. ದೊಡ್ಡ ಸಂಸ್ಥೆಯಲ್ಲಿ ಮೊದಲ ವಾರ ಪಾಸ್‌ವರ್ಡ್ ಕಾಯುವುದರಲ್ಲೇ ಮುಗಿಯುತ್ತದೆ, ನಿಮಗೂ ಗೊತ್ತು. ಮಾರ್ಕೆಟಿಂಗ್ ವಿಭಾಗದಲ್ಲಿ ನನ್ನ ಪಾಲಿಗೆ ಬಂದದ್ದು ವಾರದ ನ್ಯೂಸ್‌ಲೆಟರ್. ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು. ಸುದ್ದಿ ಒಂದೇ, ಟೆಂಪ್ಲೇಟ್ ಒಂದೇ, ಕಳಿಸುವ ಹೊತ್ತೂ ಒಂದೇ. ಆದರೆ ಓಪನ್ ರೇಟ್ (ಇಮೇಲ್ ತಲುಪಿದವರಲ್ಲಿ ತೆರೆದವರ ಪ್ರಮಾಣ) ಇಂಗ್ಲಿಷಿಗೆ 23%, ಕನ್ನಡಕ್ಕೆ 9%.

ಮೀಟಿಂಗ್‌ನಲ್ಲಿ ತೀರ್ಪು ಆಗಲೇ ಬಂದಾಗಿತ್ತು. "ಕನ್ನಡ ಓದೋರಿಲ್ಲ, ನಿಲ್ಲಿಸೋಣ." ಪಿಪಿಟಿಯಲ್ಲಿ ಕೆಳಗಿಳಿಯುವ ಕೆಂಪು ಬಾಣ ಬೇರೆ. ನನಗೆ ಮೈಯೆಲ್ಲ ಉರಿಯಿತು. ಇಂಟರ್ನ್ ಮಾತು ಯಾರು ಕೇಳ್ತಾರೆ? ಒಂದು ವಾರ ಸಬ್ಜೆಕ್ಟ್ ಲೈನ್ ಬದಲಿಸಿದೆ. ಏನೂ ಆಗಲಿಲ್ಲ. ಮುಂದಿನ ವಾರ ಕಳಿಸುವ ಹೊತ್ತು ಬದಲಿಸಿದೆ. 9% ಇದ್ದದ್ದು 8% ಆಯಿತು. ಶಭಾಷ್.

ಟೆಂಪ್ಲೇಟ್ ಮಾಡಿಕೊಟ್ಟ ಏಜೆನ್ಸಿಗೆ ಬರೆದೆ. "ನಮ್ಮ ಕಡೆ ಎಲ್ಲ ಸರಿಯಾಗಿದೆ" ಅಂತ ಉತ್ತರ. ಮತ್ತೆ ಬರೆದೆ. ಅದೇ ವಾಕ್ಯ, ಒಂದು ಅಕ್ಷರವೂ ಬದಲಾಗಿಲ್ಲ.

ಬೇಜಾರಿಗೆ ಒಂದು ಸಂಜೆ ಕ್ಲಿಕ್ ಪಟ್ಟಿಯನ್ನು ಓಪನ್ ಪಟ್ಟಿಯ ಪಕ್ಕದಲ್ಲಿಟ್ಟು ವಿಲುಕಪ್ (ಎರಡು ಪಟ್ಟಿ ತಾಳೆ ನೋಡುವ ಎಕ್ಸೆಲ್ ಸೂತ್ರ) ಹಾಕಿದೆ. ಕನ್ನಡದ್ದರಲ್ಲಿ 212 ಜನ ಇಮೇಲ್ ತೆರೆಯದೆಯೇ ಒಳಗಿನ ಲಿಂಕ್ ಒತ್ತಿದ್ದಾರೆ! ಬೀಗ ಹಾಕಿದ ಮನೆಯೊಳಗಿಂದ ಒಗ್ಗರಣೆ ವಾಸನೆ ಬಂದ ಹಾಗೆ. ಓಪನ್ ಎಣಿಸುವುದು ಪಿಕ್ಸೆಲ್, ಅಂದರೆ ಇಮೇಲ್ ಒಳಗಿನ ಕಣ್ಣಿಗೆ ಕಾಣದ ಪುಟ್ಟ ಚಿತ್ರ. ಇಮೇಜ್ ಆಫ್ ಮಾಡಿಕೊಂಡು ಎಣಿಕೆ ತಪ್ಪಿಸುವವರು ಕೆಲವರು ಇದ್ದೇ ಇರ್ತಾರೆ, ಸರಿ. ಆದರೆ ಇಂಗ್ಲಿಷಿನಲ್ಲಿ ಅಂಥವರು ಬರೀ 11.

ಆಗ ನನ್ನ ಸ್ವಂತ ಜಿಮೇಲ್‌ನಲ್ಲಿ ತೆರೆದು ಕೊನೆಯವರೆಗೂ ಇಳಿದೆ. ಕೊನೆಯೇ ಇರಲಿಲ್ಲ. ಎಂಟನೇ ಸುದ್ದಿಯ ಮಧ್ಯದಲ್ಲಿ ಮೂರು ಚುಕ್ಕಿ, ಪೂರ್ತಿ ಸಂದೇಶ ನೋಡಿ ಅನ್ನುವ ಲಿಂಕ್. ಓಪನ್ ಎಣಿಸುವ ಪಿಕ್ಸೆಲ್ ಇದ್ದದ್ದು ಬಾಲದ ತುದಿಯಲ್ಲಿ. ಬಾಲ ಕತ್ತರಿಸಿದರೆ ಎಣಿಕೆ ಎಲ್ಲಿಂದ ಬರಬೇಕು? ಆಫೀಸಿನಲ್ಲಿ ಎಲ್ಲರೂ ನೋಡುವುದು ಔಟ್‌ಲುಕ್‌ನಲ್ಲಿ, ಅದು ಹೀಗೆ ಕತ್ತರಿಸುವುದಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕನ್ನಡದ್ದಕ್ಕೇ ಯಾಕೆ? ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ನಮ್ಮ ‘ಕ’ಗೆ 3 ಬೇಕು. ಅಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದೆವು. ಇಮೇಲ್ ಕಳಿಸುವ ನಮ್ಮ ಟೂಲ್ ‘ಕ’ವನ್ನು ಕ ಅಂತ ಬರೆಯುತ್ತಿತ್ತು. 7 ಬೈಟ್! ‘ಕ್ಷ’ ಅಂದರೆ ಕ, ಅರ್ಧಾಕ್ಷರದ ಗುರುತು (ವಿರಾಮ), ಷ ಸೇರಿ 21. ಇಂಗ್ಲಿಷ್ ಸಂಚಿಕೆ 74 ಕೆಬಿ, ಕನ್ನಡದ್ದು 113.

ಪರಿಹಾರ, ಅಕ್ಷರವನ್ನು ಹೀಗೆ ಸಂಖ್ಯೆ ಮಾಡದೆ ಹಾಗೇ ಕಳಿಸು ಅನ್ನುವ ಒಂದೇ ಒಂದು ಚೆಕ್‌ಬಾಕ್ಸ್. ಅದನ್ನು ಒತ್ತುವ ಅನುಮತಿಗೆ ನಾಲ್ಕು ದಿನ, ಎರಡು ಫಾರ್ಮ್. ಈಗ 87 ಕೆಬಿ. ನಿನ್ನೆಯ ಓಪನ್ ರೇಟ್ 21%. ಈ 21ನ್ನೂ ನಾನು ಪೂರ್ತಿ ನಂಬುವುದಿಲ್ಲ ಬಿಡಿ. 2021ರಲ್ಲಿ ಐಓಎಸ್ 15 ಬಂದಾಗಿನಿಂದ ಆಪಲ್ ಮೇಲ್ ಪಿಕ್ಸೆಲ್‌ಗಳನ್ನು ತಾನೇ ಮೊದಲೇ ಇಳಿಸಿಕೊಳ್ಳುತ್ತದೆ, ಓದದವರೂ ಓದಿದವರ ಲೆಕ್ಕಕ್ಕೆ ಸೇರುತ್ತಾರೆ. ಇನ್ನು ಮೇಲೆ ನಾನು ಕ್ಲಿಕ್ ಪಾರ್ಟಿ.

ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು. ಅನ್‌ಸಬ್‌ಸ್ಕ್ರೈಬ್ ಲಿಂಕ್ ಕೂಡ ಅದೇ ಬಾಲದಲ್ಲಿತ್ತು. ಅದು ಕಾಣದಿದ್ದರೆ ಜನ ಸ್ಪ್ಯಾಮ್ ಬಟನ್ ಒತ್ತುತ್ತಾರೆ. ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರ ಸ್ಪ್ಯಾಮ್ ದೂರು 0.3% ಮುಟ್ಟಬಾರದು ಅಂತ 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಇದೆ. ನಾವು 0.2%ರಲ್ಲಿ ನಿಂತಿದ್ದೆವು.

ಮುಂದಿನ ಪ್ರಾಜೆಕ್ಟ್ ಯುಟಿಎಂ ಶೀಟ್. ಯುಟಿಎಂ ಅಂದರೆ ಕ್ಲಿಕ್ ಎಲ್ಲಿಂದ ಬಂತು ಅಂತ ತಿಳಿಯಲು ಲಿಂಕಿಗೆ ಅಂಟಿಸುವ ಚೀಟಿ. ಆ ಚೀಟಿ ಓದಿ ಲೆಕ್ಕ ಇಡುವ ಜಿಎ4ಗೆ (ಗೂಗಲ್ ಅನಲಿಟಿಕ್ಸ್ 4) ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಅಲ್ವಾ? ನಮ್ಮ ರಿಪೋರ್ಟ್‌ನಲ್ಲಿ ದೊಡ್ಡಕ್ಷರದ ಇನ್‌ಸ್ಟಾಗ್ರಾಮ್, ಸಣ್ಣಕ್ಷರದ್ದು, ‘ಇನ್‌ಸ್ಟಾ’, ‘ಐಜಿ’ ಅಂತ ಒಂದೇ ಮನೆಯ ನಾಲ್ಕು ರೇಷನ್ ಕಾರ್ಡ್ ಇವೆ. ಡ್ರಾಪ್‌ಡೌನ್ ಹಾಕಿ ಎಲ್ಲರ ಕೈ ಕಟ್ಟಬೇಕು.

ಅಂದ ಹಾಗೆ, ಮ್ಯಾನೇಜರ್ ಒಪ್ಪಿದರು, ಕನ್ನಡ ಸಂಚಿಕೆ ಉಳಿಯಿತು. ಕೆಂಪು ಬಾಣ ಮಾತ್ರ ಇನ್ನೂ ಅಲ್ಲೇ ಇದೆ. ಆ ಪಿಪಿಟಿಯ ಎಡಿಟ್ ಅನುಮತಿ ಇರುವವರು ಸೋಮವಾರದವರೆಗೂ ರಜೆಯಂತೆ.