23 ಕಿಲೋದ ಎರಡು ಪೆಟ್ಟಿಗೆ, ಕೊಡಗಿನಿಂದ ದೇವನಹಳ್ಳಿಗೆ

ಕೊಡಗಿನಲ್ಲಿ ರೈಲಿಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ 87 ಕಿ.ಮೀ. ಹಳಿ ಹಾಕುವ ಮಾತು ವರ್ಷಗಳಿಂದ ಇದೆ, ಹಳಿ ಮಾತ್ರ ಬಂದಿಲ್ಲ. ಆದರೂ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣದಿಂದ ದುಬೈಗೋ ಟೊರೊಂಟೊಗೋ ಹೊರಟವರಿಗೆ "ಮೈಸೂರಿಗೆ ಹೋಗಿ ರೈಲು ಹಿಡಿ, ಸಲೀಸು" ಎಂದು ಹೇಳುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಕೈಯಲ್ಲಿ ಒಂದೇ ಬ್ಯಾಗಿದ್ದರೆ ಅದು ನಿಜ. 23 ಕಿಲೋದ ಎರಡು ಸೂಟ್‌ಕೇಸು, ಜೊತೆಗೆ 7 ಕಿಲೋದ ಕೈಬ್ಯಾಗು ಇದ್ದರೆ ಲೆಕ್ಕವೇ ಬೇರೆ. ಆಗ ಎಷ್ಟು ಗಂಟೆಯ ಪ್ರಯಾಣ ಎಂದು ನೋಡುವುದಲ್ಲ, ಪೆಟ್ಟಿಗೆಯನ್ನು ಎಷ್ಟು ಸಲ ಎತ್ತಬೇಕು ಎಂದು ನೋಡಬೇಕು.

ಎಣಿಸಿ. ಮನೆಯಿಂದ ಜೀಪಿಗೆ ಒಂದು. ಜೀಪಿನಿಂದ ಬಸ್ಸಿನ ಡಿಕ್ಕಿಗೆ ಎರಡು. ಮೈಸೂರಿನಲ್ಲಿ ಡಿಕ್ಕಿಯಿಂದ ಆಟೋಗೆ ಮೂರು. ರೈಲಿನ ಬಾಗಿಲಿಗೆ ನಾಲ್ಕು, ಮೇಲಿನ ರ‍್ಯಾಕಿಗೆ ಐದು, ರ‍್ಯಾಕಿನಿಂದ ಕೆಳಗೆ ಆರು, ಬೆಂಗಳೂರಿನ ಪ್ಲಾಟ್‌ಫಾರಂಗೆ ಏಳು. ಮೆಜೆಸ್ಟಿಕ್‌ನಲ್ಲಿ ವಿಮಾನ ನಿಲ್ದಾಣದ ಬಸ್ಸು ವಾಯುವಜ್ರಕ್ಕೆ ಎಂಟು, ವಿಮಾನ ನಿಲ್ದಾಣದಲ್ಲಿ ಇಳಿಸಲು ಒಂಬತ್ತು. ಪೆಟ್ಟಿಗೆ ಎರಡಾದರೆ ಹದಿನೆಂಟು. ಮೆಟ್ಟಿಲುಗಳ ಲೆಕ್ಕ ಇದರಲ್ಲಿ ಇಲ್ಲ.

ಹಾಗೆಂದು ರೈಲನ್ನು ತಳ್ಳಿಹಾಕುವಂತಿಲ್ಲ. ಮೈಸೂರು–ಬೆಂಗಳೂರು ನಡುವಿನ ಸುಮಾರು 140 ಕಿ.ಮೀ.ಯನ್ನು ವಂದೇ ಭಾರತ್, ಶತಾಬ್ದಿ ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತವೆ. ಹೆದ್ದಾರಿಯಲ್ಲಿ ವೇಗವಾಗಿ ಬಂದ ಕಾರು ಕೆಂಗೇರಿ ದಾಟಿದ ಮೇಲೆ ತೆವಳುತ್ತದೆ. ರೈಲಿಗೆ ಆ ತೊಂದರೆ ಇಲ್ಲ. ಮಂಡಿನೋವಿನವರಿಗೆ, ಪದೇ ಪದೇ ಶೌಚಾಲಯಕ್ಕೆ ಹೋಗಬೇಕಾದ ಹಿರಿಯರಿಗೆ ಏಳೆಂಟು ಗಂಟೆ ಬಸ್ಸಿನಲ್ಲಿ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಯಾವ ರೈಲು, ಯಾವ ದರ್ಜೆ ಎಂಬುದನ್ನು ಪೆಟ್ಟಿಗೆ ನೋಡಿ ನಿರ್ಧರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ.

ರೈಲ್ವೆಯಲ್ಲೂ ಲಗೇಜಿಗೆ ಮಿತಿ ಇದೆ ಎಂಬುದು ಅನೇಕರಿಗೆ ನೆನಪಿರುವುದಿಲ್ಲ. ಎಸಿ ಚೇರ್ ಕಾರ್ ಮತ್ತು ತ್ರೀ ಟಯರ್‌ಗೆ 40 ಕಿಲೋ ಉಚಿತ, ಟೂ ಟಯರ್‌ಗೆ 50, ಫಸ್ಟ್ ಎಸಿಗೆ 70. ಸ್ಲೀಪರ್‌ಗೆ 40, ಸೆಕೆಂಡ್ ಕ್ಲಾಸಿಗೆ 35. ಇದರ ಮೇಲೆ ಹತ್ತು ಕಿಲೋದಷ್ಟು ವಿನಾಯಿತಿ ಉಂಟು, ಫಸ್ಟ್ ಎಸಿಗೆ ಹದಿನೈದು. ಈಗ ಕೂಡಿ ನೋಡಿ: 23, 23, 7, ಒಟ್ಟು 53. ವಿಮಾನದವರು ಒಪ್ಪಿದ ತೂಕ ಚೇರ್ ಕಾರಿನಲ್ಲಿ ವಿನಾಯಿತಿ ಸೇರಿಸಿದರೂ ಮೂರು ಕಿಲೋ ಹೆಚ್ಚು! ಅಳತೆಯೂ ಅಷ್ಟೇ. ಚೇರ್ ಕಾರಿಗೆ ಪೆಟ್ಟಿಗೆಯ ಮಿತಿ 55 × 45 × 22.5 ಸೆಂ.ಮೀ. ಅಂಗಡಿಯವರು 28 ಇಂಚು ಎಂದು ಮಾರುವ ಸೂಟ್‌ಕೇಸು ಉದ್ದದಲ್ಲೇ 70 ದಾಟುತ್ತದೆ.

ಪ್ಲಾಟ್‌ಫಾರಂನಲ್ಲಿ ತಕ್ಕಡಿ ಹಿಡಿದು ಯಾರೂ ನಿಂತಿರುವುದಿಲ್ಲ, ನಿಜ. ಆದರೆ ನಡುದಾರಿಯಲ್ಲಿ ಪೆಟ್ಟಿಗೆ ಅಡ್ಡ ಇಟ್ಟರೆ ಟಿಟಿಇಗೆ ಕೇಳುವ ಹಕ್ಕಿದೆ. ಬುಕ್ ಮಾಡದ ಹೆಚ್ಚುವರಿ ಲಗೇಜು ವಿನಾಯಿತಿಯನ್ನೂ ಮೀರಿದ್ದರೆ ಲಗೇಜು ದರದ ಆರು ಪಟ್ಟು ಕಟ್ಟಬೇಕಾಗುತ್ತದೆ. ಮೊದಲೇ ಬುಕ್ ಮಾಡಿದರೆ ಒಂದೂವರೆ ಪಟ್ಟು. ಬುಕ್ ಮಾಡಿದ ದೊಡ್ಡ ಪೆಟ್ಟಿಗೆ ರೈಲಿನ ಲಗೇಜು ಬೋಗಿಯಾದ ಬ್ರೇಕ್‌ವ್ಯಾನಿಗೆ ಹೋಗುತ್ತದೆ, ಬೆಂಗಳೂರಿನಲ್ಲಿ ಅದನ್ನು ಇಳಿಸಿ ಕೊಡುವವರೆಗೆ ಕಾಯಬೇಕು. ವಿಮಾನ ಹಿಡಿಯುವವರಿಗೆ ಇದು ಒಗ್ಗುವ ದಾರಿಯಲ್ಲ.

ಆದ್ದರಿಂದ ಎರಡು ದೊಡ್ಡ ಪೆಟ್ಟಿಗೆ ಇದ್ದು ರೈಲೇ ಬೇಕೆಂದರೆ ದೂರದೂರಿಗೆ ಹೋಗುವ ಎಕ್ಸ್‌ಪ್ರೆಸ್‌ನ ಟೂ ಟಯರ್ ಲೋವರ್ ಬರ್ತ್ ತೆಗೆಯಿರಿ. 53 ಕಿಲೋ ವಿನಾಯಿತಿಯೊಳಗೆ ಕೂರುತ್ತದೆ, ಪೆಟ್ಟಿಗೆಯನ್ನು ಮಲಗಿಸಿ ಬರ್ತಿನ ಕೆಳಗೆ ತಳ್ಳಬಹುದು. ತಲೆಯ ಮೇಲಿನ ರ‍್ಯಾಕಿಗೆ ಎತ್ತುವ ಕೆಲಸವೇ ಇಲ್ಲ, ಅಂದರೆ ಹದಿನೆಂಟರಲ್ಲಿ ನಾಲ್ಕು ಹೋಯಿತು. ಜಿಪ್ ಬಿಚ್ಚಿ ಉಬ್ಬಿಸಿದ ಪೆಟ್ಟಿಗೆ ಮಾತ್ರ ಬರ್ತಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಆ ಹೆಚ್ಚುವರಿ ಜಿಪ್ ಮುಟ್ಟಬೇಡಿ. ಟಿಕೆಟ್ ದುಬಾರಿ, ಕಡಿಮೆ ದೂರಕ್ಕೂ ಕನಿಷ್ಠ ದೂರದ ದರ ಹಾಕುತ್ತಾರೆ. ಕೂಲಿಗೆ ಕೊಡುವುದನ್ನು, ಬೆನ್ನಿಗೆ ಹಚ್ಚುವ ಎಣ್ಣೆಯನ್ನು ಸೇರಿಸಿ ನೋಡಿದರೆ ಅಷ್ಟೇನೂ ಅಲ್ಲ.

ಮೈಸೂರಿನಲ್ಲೇ ಹೊರಡುವ ರೈಲು ಆರಿಸಿ. ಬೇರೆ ಕಡೆಯಿಂದ ಬಂದು ಮುಂದೆ ಹೋಗುವ ರೈಲಾದರೆ ಇಳಿಯುವವರು ಹತ್ತುವವರ ಗುದ್ದಾಟದಲ್ಲಿ ಪೆಟ್ಟಿಗೆ ಏರಿಸಬೇಕಾಗುತ್ತದೆ. ಇಲ್ಲಿಂದಲೇ ಹೊರಡುವುದಾದರೆ ಬಾಗಿಲು ತೆರೆದ ಕೂಡಲೇ ಹತ್ತಿ ಜಾಗ ಹಿಡಿಯಬಹುದು. ಬೆಂಗಳೂರಿನ ಕಥೆ ತಿರುವುಮುರುವು: ಚೆನ್ನೈಗೆ ಹೋಗುವ ವಂದೇ ಭಾರತ್ ಅಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ, ಬಾಗಿಲು ತಾನಾಗಿ ಮುಚ್ಚುತ್ತದೆ. ಕೆಂಗೇರಿ ದಾಟುತ್ತಿದ್ದಂತೆ ಎದ್ದು ಪೆಟ್ಟಿಗೆಯನ್ನು ಬಾಗಿಲ ಬಳಿಗೆ ತಂದಿರಬೇಕು. ನಾಲ್ಕು ಚಕ್ರದ ಪೆಟ್ಟಿಗೆಯನ್ನು ಅಲ್ಲಿ ನಿಲ್ಲಿಸಿ ಕೈಬಿಟ್ಟರೆ ರೈಲು ಬ್ರೇಕ್ ಹಾಕಿದಾಗ ಅದು ಯಾರದೋ ಕಾಲಿಗೆ ಹೋಗಿ ಬಡಿಯುತ್ತದೆ. ಅಡ್ಡ ಮಲಗಿಸಿ.

ಚಕ್ರದ ಮಾತು ಬಂದಿದ್ದರಿಂದ ಇನ್ನೊಂದು. ತೋಟದ ಮನೆಯಿಂದ ಗೇಟಿನವರೆಗೆ, ಮಳೆಗಾಲದಲ್ಲಂತೂ, ಪೆಟ್ಟಿಗೆಯನ್ನು ಎಳೆಯಲೇಬೇಡಿ. ಕೆಂಪು ಮಣ್ಣು ಚಕ್ರದ ಅಚ್ಚಿಗೆ ಮೆತ್ತಿ ಒಣಗಿದರೆ ಮೈಸೂರು ತಲುಪುವ ಹೊತ್ತಿಗೆ ಚಕ್ರ ತಿರುಗುವುದಿಲ್ಲ, ನುಣುಪು ನೆಲದ ಮೇಲೂ ಕೀಚು ಕೀಚು ಅನ್ನುತ್ತದೆ. ಜೀಪನ್ನೇ ಜಗಲಿಯವರೆಗೆ ತರಿಸಿ. ಕಲ್ಲುಮಣ್ಣಿನ ದಾರಿಗೆ ಎರಡು ದೊಡ್ಡ ಚಕ್ರದ ಪೆಟ್ಟಿಗೆಯೇ ವಾಸಿ.

ತೂಕವನ್ನು ಮನೆಯಲ್ಲೇ ನೋಡಿ, ಕಾಫಿ ಚೀಲ ತೂಗುವ ತಕ್ಕಡಿ ಅನೇಕ ತೋಟಗಳಲ್ಲಿ ಇದ್ದೇ ಇರುತ್ತದೆ. 22 ಕಿಲೋಗೆ ನಿಲ್ಲಿಸಿ. ಹೆಚ್ಚು ತೂಕಕ್ಕೆ ದುಡ್ಡು ಕಟ್ಟಲು ನೀವು ಸಿದ್ಧರಿದ್ದರೂ ಒಂದೇ ಪೆಟ್ಟಿಗೆ 32 ಕಿಲೋ ದಾಟಿದರೆ ವಿಮಾನದವರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಅದು ಲೋಡರ್‌ಗಳ ಬೆನ್ನಿನ ಪ್ರಶ್ನೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಜೇನು, ಬೈಂಬಳೆ (ಎಳೆ ಬಿದಿರು) ಉಪ್ಪಿನಕಾಯಿ ಎಲ್ಲವೂ ಚೆಕ್-ಇನ್ ಪೆಟ್ಟಿಗೆಗೆ. ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಬೇಡಿ, ಮುಚ್ಚಳಕ್ಕೆ ಟೇಪ್ ಸುತ್ತಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಟ್ಟೆಯ ನಡುವೆ ಇಡಿ. ಕಾಚಂಪುಳಿ ಸೋರಿದರೆ ಆ ಕಲೆ ಹೋಗುವುದಿಲ್ಲ. ಮದುವೆಗೆ ಹೊರಟವರ ಪೀಚೆಕತ್ತಿಯೂ ಸುತ್ತಿ ಚೆಕ್-ಇನ್ ಪೆಟ್ಟಿಗೆಗೇ ಹೋಗಬೇಕು, ಕೈಬ್ಯಾಗಿನಲ್ಲಿ ಸಿಕ್ಕಿದರೆ ಮನೆತನದ ಕತ್ತಿ ಅಲ್ಲೇ ಉಳಿಯುತ್ತದೆ. ಒಣಕೊಬ್ಬರಿ ಬೇಡವೇ ಬೇಡ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ. ಪವರ್‌ಬ್ಯಾಂಕ್ ಇದಕ್ಕೆ ವಿರುದ್ಧ, ಕೈಬ್ಯಾಗಿನಲ್ಲೇ ಇರಬೇಕು.

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬರಿಗೆ 30 ಕಿಲೋ ಉಚಿತ, ಉಳಿದದ್ದಕ್ಕೆ ಲಗೇಜು ಟಿಕೆಟ್ ಕೇಳಿ ಪಡೆಯಿರಿ. ಬಸ್ಸು ಹುಣಸೂರು ರಸ್ತೆಯಿಂದ ನಗರದೊಳಗೆ ಬರುವಾಗ ಮೆಟ್ರೋಪೋಲ್ ವೃತ್ತದ ಬಳಿ ನಿಲ್ಲಿಸಲು ಕಂಡಕ್ಟರ್ ಒಪ್ಪಿದರೆ ರೈಲು ನಿಲ್ದಾಣ ಅಲ್ಲಿಂದ ಹತ್ತಿರ. ಒಪ್ಪದಿದ್ದರೆ ಸಬರ್ಬನ್ ಬಸ್ ಸ್ಟ್ಯಾಂಡಿಗೆ ಹೋಗಿ ಆಟೋದಲ್ಲಿ ವಾಪಸು ಬರಬೇಕು. ನಿಲ್ದಾಣದಲ್ಲಿ ಕೆಂಪಂಗಿಯ ಕೂಲಿಯವರೊಂದಿಗೆ ಪೆಟ್ಟಿಗೆ ಎತ್ತುವ ಮೊದಲೇ ದರ ಮಾತಾಡಿ, ಬರೀ ಪ್ಲಾಟ್‌ಫಾರಂವರೆಗೋ ಸೀಟಿನವರೆಗೋ ಎಂಬುದನ್ನೂ ಹೇಳಿ.

ಬೆಂಗಳೂರಿನಲ್ಲಿ ಇಳಿದ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ಕೆಐಎ-9 ವಾಯುವಜ್ರ ಸಿಗುತ್ತದೆ, ಒಳಗೆ ಪೆಟ್ಟಿಗೆ ಇಡುವ ಜಾಗ ಉಂಟು. ರಸ್ತೆ ದಾಟಿ ಅಲ್ಲಿಗೆ ತಲುಪುವುದೇ ಕಷ್ಟ. ಎರಡು ಪೆಟ್ಟಿಗೆಯಿದ್ದರೆ ನಿಲ್ದಾಣದ ಬಾಗಿಲಿನಿಂದಲೇ ಟ್ಯಾಕ್ಸಿ ಹಿಡಿಯಿರಿ. ಇನ್ನೂ ಜಾಣತನ ಬೇಕೆಂದರೆ ಹಿಂದೂಪುರದ ಕಡೆ ಹೋಗುವ ರೈಲುಗಳಲ್ಲಿ ಯಲಹಂಕದಲ್ಲಿ ನಿಲ್ಲುವಂಥದ್ದನ್ನು ಹುಡುಕಿ. ಹೆಬ್ಬಾಳದ ಜಾಮ್ ಹಿಂದೆ ಉಳಿಯುತ್ತದೆ, ವಿಮಾನ ನಿಲ್ದಾಣ ಅಲ್ಲಿಂದ ಇಪ್ಪತ್ತು ಕಿ.ಮೀ. ಆಸುಪಾಸು. 2021ರಲ್ಲಿ ತೆರೆದ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ನಿನ ಹೆಸರು ಕೇಳಿ ಹಿಗ್ಗಬೇಡಿ. ಅಲ್ಲಿ ನಿಲ್ಲುವ ರೈಲುಗಳು ಕೆಲವೇ, ಇಳಿದ ಮೇಲೆ ಟರ್ಮಿನಲ್‌ಗೆ ಮತ್ತೊಂದು ವಾಹನ ಬೇಕು. ಅಲ್ಲಿಗೆ ಪೆಟ್ಟಿಗೆ ಎತ್ತುವ ಲೆಕ್ಕ ಇನ್ನೂ ಏರುತ್ತದೆ.

ವೇಳೆಯನ್ನು ಹಿಂದಿನಿಂದ ಎಣಿಸಿ. ವಿಮಾನ ರಾತ್ರಿ 2ಕ್ಕೆ ಎಂದರೆ 11ಕ್ಕೆ ಟರ್ಮಿನಲ್ 2ರಲ್ಲಿರಬೇಕು, ವಿದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಅಲ್ಲಿಂದಲೇ. ಮೆಜೆಸ್ಟಿಕ್ ಬಿಡುವುದು 9ಕ್ಕೆ. ರೈಲು ಒಂದು ಗಂಟೆ ತಡವಾದರೂ ನಡೆಯುವಂತೆ 8ಕ್ಕೆ ಬೆಂಗಳೂರು ಮುಟ್ಟುವಂಥದ್ದು ಬೇಕು. ಅಂದರೆ ಸಂಜೆ 5ಕ್ಕೆ ಮೈಸೂರಿನಲ್ಲಿ, ಮಡಿಕೇರಿ ಬಿಡುವುದು ಮಧ್ಯಾಹ್ನ 1ರೊಳಗೆ. ಜೂನ್‌ನಿಂದ ಆಗಸ್ಟ್‌ವರೆಗೆ 11ಕ್ಕೇ ಹೊರಡಿ. ಗಾಳಿಮಳೆಗೆ ರಸ್ತೆಗೆ ಮರ ಬಿದ್ದರೆ ಕಡಿದು ಸರಿಸುವವರೆಗೆ ಬಸ್ಸು ಅಲ್ಲಾಡುವುದಿಲ್ಲ. ಗೋಣಿಕೊಪ್ಪ–ತಿತಿಮತಿ ದಾರಿಯವರಿಗೆ ಆನೆ ಅಡ್ಡ ಬರುವ ಲೆಕ್ಕವೂ ಸೇರುತ್ತದೆ.

ವಿರಾಜಪೇಟೆ, ಗೋಣಿಕೊಪ್ಪದವರು ಇದೆಲ್ಲಕ್ಕೆ ಮೊದಲು ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣದ ವೇಳಾಪಟ್ಟಿ ನೋಡಬೇಕು. 2018ರ ಡಿಸೆಂಬರಿನಲ್ಲಿ ತೆರೆದದ್ದು, ಮಾಕುಟ್ಟ ಘಾಟಿ ಇಳಿದರೆ ಬಂತು. ಗಲ್ಫಿಗೆ ನೇರ ವಿಮಾನ ಹೊಂದಿದರೆ ಮನೆಯಿಂದ ಜೀಪು, ಜೀಪಿನಿಂದ ಟ್ರಾಲಿ, ಎರಡೇ ಸಲ ಎತ್ತಿದರಾಯಿತು. ಮಳೆಗಾಲದಲ್ಲಿ ಮಾತ್ರ ಘಾಟಿ ತೆರೆದಿದೆಯೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ.

ಇಷ್ಟಾದರೂ ಮೈಸೂರು ತಲುಪುವಾಗ ರೈಲು ಹೊರಟುಹೋಗಿದ್ದರೆ ಮುಂದಿನ ರೈಲಿನ ಜನರಲ್ ಬೋಗಿಗೆ ಎರಡು ಪೆಟ್ಟಿಗೆ ತುರುಕುವ ಸಾಹಸ ಬೇಡ. ಸಬರ್ಬನ್ ಸ್ಟ್ಯಾಂಡಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಫ್ಲೈಬಸ್ ಇದೆ. ಅದರ ವೇಳಾಪಟ್ಟಿಯನ್ನು ಮನೆಯಿಂದ ಹೊರಡುವಾಗಲೇ ಫೋನಿನಲ್ಲಿ ಉಳಿಸಿಕೊಂಡಿರಿ, ಸೀಟಿದ್ದರೆ ಬಸ್ಸಿನಲ್ಲಿ ಕೂತೇ ಬುಕ್ ಮಾಡಬಹುದು.