ಮುಚ್ಚಳ ಮುಚ್ಚಿದರೂ ಮಲಗದ ಲ್ಯಾಪ್‌ಟಾಪ್

24 ಜುಲೈ 2025, ಗುರುವಾರ
ತೀರ್ಥಹಳ್ಳಿ

ಪುಷ್ಯ ಮಳೆ ಬಿಡುವು ಕೊಟ್ಟಿಲ್ಲ. ಮಂಗಳವಾರ ರಾತ್ರಿ ತೋಟದಾಚೆ ತಂತಿಯ ಮೇಲೆ ಮರ ಬಿದ್ದು ಹೋದ ಕರೆಂಟು ಇಂದು ಮಧ್ಯಾಹ್ನ ಮೂರಕ್ಕೆ ಬಂತು. ಭೀಮನ ಅಮಾವಾಸ್ಯೆಯ ಪೂಜೆ ದೀಪದ ಬೆಳಕಿನಲ್ಲೇ ಚೆನ್ನಾಗಿ ಆಯಿತು. ಹೊಟ್ಟೆ ಉರಿಸಿದ್ದು ಲ್ಯಾಪ್‌ಟಾಪ್.

ಕರೆಂಟು ಹೋದಾಗ ಅದರ ಬ್ಯಾಟರಿ ಅರ್ಧ ಇತ್ತು. ಅಡಿಕೆ ಮಂಡಿಯ ಲೆಕ್ಕದ ಹಾಳೆ ತೆರೆದಿತ್ತು: ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಡಿಕೆಯ ಬಗೆಗಳೆಲ್ಲ ಬೇರೆ ಬೇರೆ ಕಾಲಂನಲ್ಲಿ. ಉಳಿದದ್ದು ಒಂದು ತಾಸಿನ ಕೆಲಸ. ಚಾರ್ಜ್ ಉಳಿಯಲಿ ಎಂದೇ ಮುಚ್ಚಳ ಮುಚ್ಚಿದೆ. ನಿನ್ನೆ ಅತ್ತೆಯವರ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೋಗಿದ್ದರಿಂದ ಅದನ್ನು ಮುಟ್ಟಲಿಲ್ಲ. ಇಂದು ಬೆಳಿಗ್ಗೆ ತೆರೆದರೆ ಜೀವವೇ ಇಲ್ಲ. ಕರೆಂಟು ಬಂದ ಮೇಲೆ ನೋಡಿದೆ: ತಂತ್ರಾಂಶ ತಾನಾಗಿ ಉಳಿಸಿಕೊಂಡಿದ್ದ ಪ್ರತಿಯಲ್ಲಿ ಕೊನೆಯ ಇಪ್ಪತ್ತೆರಡು ಸಾಲುಗಳಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ನೀನು ಮುಚ್ಚಳ ಮುಚ್ಚಿದ್ದು ನಿಜ, ಅದು ಪೂರ್ತಿ ಮಲಗಿರಲಿಲ್ಲ" ಎಂದ. ಅವನು ಹೇಳಿದಂತೆ ಕಮಾಂಡ್ ಪ್ರಾಂಪ್ಟ್ ಎಂಬ, ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ 'ಪವರ್‌ಸಿಎಫ್‌ಜಿ' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ 'ಎ' ಒತ್ತಿದೆ. ಈ ಯಂತ್ರಕ್ಕೆ ಯಾವ ಯಾವ ನಿದ್ದೆ ಬರುತ್ತದೆ ಎಂಬ ಪಟ್ಟಿ ಬಂತು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿರುತ್ತಿದ್ದ ಎಸ್3 ಎಂಬ ಗಾಢ ನಿದ್ದೆ ಇದರಲ್ಲಿ ಇಲ್ಲ. ಇರುವುದು ಎಸ್0, ಅಂದರೆ ಮಾಡರ್ನ್ ಸ್ಟ್ಯಾಂಡ್‌ಬೈ. ಪರದೆ ಆರಿದರೂ ಒಳಗೆ ಸಣ್ಣ ಎಚ್ಚರ ಇದ್ದೇ ಇರುತ್ತದೆ. ವೈಫೈ ಸಿಕ್ಕರೆ ಮೇಲ್ ತರುತ್ತದೆ, ಮೊಬೈಲಿನ ಹಾಗೆ.

ಅಮ್ಮನ ಬಚ್ಚಲ ಒಲೆಯಲ್ಲಿ ಮಳೆಗಾಲವಿಡೀ ಬೂದಿ ಮುಚ್ಚಿದ ಕೆಂಡ ಇರುತ್ತಿತ್ತು. ಊದಿದರೆ ಕ್ಷಣದಲ್ಲಿ ಉರಿ. ಆದರೆ ಆ ಕೆಂಡವೂ ಒಳಗೊಳಗೇ ಸೌದೆಯ ಕುಂಟೆಯನ್ನು ತಿನ್ನುತ್ತಿರುತ್ತದೆ. ಸ್ಲೀಪ್ ಎಂದರೆ ಇದೇ. ನಮ್ಮ ಕೆಲಸವೆಲ್ಲ ಯಂತ್ರದ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಇರುತ್ತದೆ, ರ‍್ಯಾಮ್‌ಗೆ ವಿದ್ಯುತ್ ನಿಂತರೆ ಎಲ್ಲವೂ ಹೋಯಿತು. ಹೈಬರ್ನೇಟ್ ಹಾಗಲ್ಲ. ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರುತ್ತದೆ. ಬ್ಯಾಟರಿ ಬರಿದಾದರೂ ಬರೆದದ್ದು ಅಲ್ಲೇ ಇರುತ್ತದೆ.

ಬ್ಯಾಟರಿ ಇಳಿಯುತ್ತಾ ಹೋದಾಗ ವಿಂಡೋಸ್ ತಾನೇ ಹೈಬರ್ನೇಟ್‌ಗೆ ಹೋಗಬೇಕಿತ್ತಲ್ಲ? ಅದೇ ಪಟ್ಟಿಯಲ್ಲಿ ಉತ್ತರವಿತ್ತು: ಹೈಬರ್ನೇಟ್ ಸಕ್ರಿಯವಾಗಿಲ್ಲ. ಕಳೆದ ವರ್ಷ ಡಿಸ್ಕ್ ತುಂಬಿದಾಗ ಜಾಗ ಉಳಿಸಲೆಂದು ನಾನೇ ಅದನ್ನು ತೆಗೆಸಿದ್ದೆ. ಎಂಟು ಜಿಬಿ ರ‍್ಯಾಮ್ ಇದ್ದರೆ ಹೈಬರ್ನೇಟ್ ಬರೆದಿಡುವ ಫೈಲ್ ಸಾಮಾನ್ಯವಾಗಿ ಅದರ ಶೇ. 40ರಷ್ಟು, ಅಂದರೆ ಮೂರು ಜಿಬಿಗೆ ಸ್ವಲ್ಪ ಮೇಲೆ. ಆ ಮೂರು ಜಿಬಿಯ ಆಸೆಗೆ ಎರಡು ದಿನದ ನೆಮ್ಮದಿ ಕೊಟ್ಟಿದ್ದೆ. ಕರೆಂಟು ಹೀಗೆ ಹೋಗುವ ನಮ್ಮ ಮಲೆನಾಡಿನಲ್ಲಿ ಇದನ್ನು ಯಾರೂ ತೆಗೆಸಬಾರದು ಎಂದು ಕೈಮುಗಿದು ಹೇಳುತ್ತೇನೆ.

ಮತ್ತೆ ಸಕ್ರಿಯಗೊಳಿಸಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ, ಮುಚ್ಚಳ ಮುಚ್ಚಿದರೆ ಏನಾಗಬೇಕು ಎಂಬಲ್ಲಿ, ಬ್ಯಾಟರಿಯ ಸಾಲಿಗೆ ಹೈಬರ್ನೇಟ್ ಎಂದೂ ಪ್ಲಗ್ ಹಾಕಿದಾಗ ಸ್ಲೀಪ್ ಎಂದೂ ಇಟ್ಟೆ. ಬಸ್ಸಿನಲ್ಲಿ ಚೀಲದೊಳಗೆ ಬಿಸಿಯಾಗುವ ಕಾಟವೂ ಇದರಿಂದ ತಪ್ಪುತ್ತದೆ.

ಹೈಬರ್ನೇಟ್ ಆದರೆ ಏಳಲು ತಡವಾಗುತ್ತದೆ ಎಂಬ ದೂರು ನಮ್ಮ ಯಜಮಾನರದು. ಅವರ ಹಳೆಯ ಯಂತ್ರದಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದೆ. ಅದು ಸೆಕೆಂಡಿಗೆ ಸುಮಾರು ನೂರು ಎಂಬಿ ಓದುತ್ತದೆ ಎಂದುಕೊಂಡರೂ, ಮೂರು ಜಿಬಿ ಮತ್ತೆ ರ‍್ಯಾಮ್‌ಗೆ ಬರಲು ಅರ್ಧ ನಿಮಿಷ ಬೇಕು. ತಿರುಗುವ ಭಾಗವಿಲ್ಲದ ಸಾಟಾ ಎಸ್‌ಎಸ್‌ಡಿ ಆದರೆ ಸೆಕೆಂಡಿಗೆ ಐನೂರರ ಹತ್ತಿರ, ಆರೇಳು ಸೆಕೆಂಡಿನ ಮಾತು. ತಡಕ್ಕೆ ಕಾರಣ ಹೈಬರ್ನೇಟ್ ಅಲ್ಲ, ಡಿಸ್ಕ್. ನಾನು ನನ್ನದನ್ನು ಐದು ಸಲ ಮುಚ್ಚಿ ತೆರೆದು ಗಡಿಯಾರ ನೋಡಿದೆ: ಒಮ್ಮೆಯೂ ಹನ್ನೆರಡು ಸೆಕೆಂಡು ದಾಟಲಿಲ್ಲ.

ಇಪ್ಪತ್ತೆರಡು ಸಾಲುಗಳನ್ನು ಮತ್ತೆ ತುಂಬಿ ಮಂಡಿಗೆ ಕಳುಹಿಸಿದಾಗ ರಾತ್ರಿ ಒಂಬತ್ತು. ಮುಂದಿನ ವಾರ ಅತ್ತೆಯವರ ಕನ್ನಡಕ ತರಲು ಶಿವಮೊಗ್ಗಕ್ಕೆ ಹೋಗುವುದಿದೆ; ಯಜಮಾನರ ಯಂತ್ರವನ್ನೂ ಕೊಂಡೊಯ್ದು ಎಸ್‌ಎಸ್‌ಡಿ ಹಾಕಿಸುತ್ತೇನೆ.