ಶಿರಸಿ ಮಳೆಗೆ ತಡೆಯುವ ಮಳೆಮಾಪಕ: ಮೂರು ವಾರದ ಕೆಲಸ

ಮೊದಲ ವಾರ, ಮೃಗಶಿರ ಮಳೆಗೆ ಮುಂಚೆ

ಎರಡು ಲೀಟರಿನ ಬಾಟಲಿ, ಅದರ ಮೇಲೆ 16 ಸೆಂ.ಮೀ. ಬಾಯಿಯ ಪ್ಲಾಸ್ಟಿಕ್ ಲಾಳಿಕೆ. 16 ಸೆಂ.ಮೀ. ಯಾಕೆಂದರೆ ಬಾಯಿಯ ವಿಸ್ತೀರ್ಣ 201 ಚದರ ಸೆಂ.ಮೀ. ಆಗುತ್ತದೆ; 20 ಮಿ.ಲೀ. ನೀರು ಸಿಕ್ಕರೆ 1 ಮಿ.ಮೀ. ಮಳೆ, ಲೆಕ್ಕ ಸಲೀಸು. ಲಾಳಿಕೆ ಕೊಳ್ಳುವಾಗ ಒಳವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ, ಅಗ್ಗದವು ಎಷ್ಟೋ ಸಲ ಮೊಟ್ಟೆಯಾಕಾರ ಇರುತ್ತವೆ. ವ್ಯಾಸದಲ್ಲಿ ಅರ್ಧ ಸೆಂ.ಮೀ. ತಪ್ಪಿದರೆ ಮಳೆಯ ಲೆಕ್ಕ ಶೇ. 6ರಷ್ಟು ತಪ್ಪುತ್ತದೆ.

ಬಿದ್ದ ನೀರು ಹರಿಯದೆ, ಇಂಗದೆ ನಿಂತರೆ ಎಷ್ಟು ಆಳವೋ ಅದೇ ಮಳೆಯ ಮಿಲಿಮೀಟರ್. ಒಂದು ಗುಂಟೆ ತೋಟಕ್ಕೆ 1 ಮಿ.ಮೀ. ಬಿದ್ದರೂ ಅದು ಸುಮಾರು 101 ಲೀಟರ್, ಎಂಟು-ಹತ್ತು ಕೊಡ ನೀರು!

ಎರಡನೇ ವಾರ

ಬಾಟಲಿ ತುಂಬಿ ಹರಿಯಿತು. ಹರಿಯಲೇಬೇಕು: 2 ಲೀಟರ್ ಎಂದರೆ 100 ಮಿ.ಮೀ. ಅಷ್ಟೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ.ಯಿಂದ ‘ಭಾರಿ’, 115.6ರಿಂದ ‘ಅತಿ ಭಾರಿ’, 204.5 ಮುಟ್ಟಿದರೆ ‘ಅತ್ಯಂತ ಭಾರಿ’. ಘಟ್ಟದ ಅಂಚಿನಲ್ಲಿ ಈ ಮೂರೂ ಅಪರೂಪವಲ್ಲ. ಅಳೆಯಲೇಬೇಕಾದ ದಿನವೇ ಕೈಕೊಡುವ ಮಾಪಕ ನಮ್ಮ ಕಡೆಗೆ ಸಲ್ಲದು. ಬಾಟಲಿ ತೆಗೆದು 5 ಲೀಟರಿನ ಕ್ಯಾನ್ ಇಟ್ಟಿದ್ದಾಯಿತು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಚಿತ್ರಗಳಲ್ಲಿ ಮಳೆಹನಿಗೆ ಮೇಲೊಂದು ಚೂಪು ತುದಿ ಇರುತ್ತದೆ. ನಿಜವಾದ ದೊಡ್ಡ ಹನಿ ಅಡಿ ಚಪ್ಪಟೆಯಾದ ಬನ್ನಿನ ಹಾಗಿರುತ್ತದೆ. 5 ಮಿ.ಮೀ. ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ಲಾಳಿಕೆಯ ಇಳಿಜಾರಿಗೆ ಬಡಿದರೆ ಸಿಡಿದು ಹೊರಗೆ ಹಾರುತ್ತದೆ. ಅದಕ್ಕೆ 160 ಮಿ.ಮೀ. ಪಿವಿಸಿ ಪೈಪಿನ 15 ಸೆಂ.ಮೀ. ಎತ್ತರದ ತುಂಡು ಕತ್ತರಿಸಿ, ಲಾಳಿಕೆಯೊಳಗೆ ಕೂರಿಸಿ, ಸುತ್ತ ಎಂ-ಸೀಲ್ ಮೆತ್ತಿದೆವು. ಪೈಪಿನ ಮೇಲಂಚನ್ನು ಹೊರಗಿನಿಂದ ಅರದಲ್ಲಿ ಉಜ್ಜಿ ಚೂಪು ಮಾಡಬೇಕು. ಅಂಚು ದಪ್ಪವಿದ್ದರೆ ಅದರ ಮೇಲೆ ಬಿದ್ದ ಹನಿ ಒಳಗೋ ಹೊರಗೋ ಹೇಳಲಾಗದು.

ಮೂರನೇ ವಾರ

ಪೈಪ್ ಕೂರಿಸಿದ ಮೇಲೆ 20ರ ಲೆಕ್ಕ ನಡೆಯುವುದಿಲ್ಲ, ಹೊಸಬರು ಎಡವುವುದು ಇಲ್ಲೇ. 160 ಎನ್ನುವುದು ಪೈಪಿನ ಹೊರ ಅಳತೆ. ನಮ್ಮ ತುಂಡಿನ ಒಳವ್ಯಾಸ 15.2 ಸೆಂ.ಮೀ., ವಿಸ್ತೀರ್ಣ 181 ಚದರ ಸೆಂ.ಮೀ. ಈಗ 18.1 ಮಿ.ಲೀ.ಗೆ 1 ಮಿ.ಮೀ. ಕ್ಯಾನಿನಲ್ಲಿ 1,810 ಮಿ.ಲೀ. ಇದ್ದರೆ ಮಳೆ 100 ಮಿ.ಮೀ.; ಹಳೇ ಲೆಕ್ಕ ಹಿಡಿದರೆ 90.5 ಎಂದು ಬರೆದುಕೊಳ್ಳುತ್ತೇವೆ. ಕ್ಯಾನ್ ತುಂಬಲು ಈಗ 276 ಮಿ.ಮೀ. ಬೇಕು.

ಜಾಗವನ್ನೂ ಬದಲಿಸಿದೆವು. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಮಟ್ಟಸವಾಗಿ, ಹುಲ್ಲಿನ ನಡುವೆ. ಚಿರೆಕಲ್ಲು ಹಾಸಿದ ಅಂಗಳದಲ್ಲಿ ಇಟ್ಟರೆ ನೆಲದಿಂದ ಸಿಡಿದ ನೀರೂ ಒಳಗೆ ಬೀಳುತ್ತದೆ. ಮರವೋ ಮನೆಯೋ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಬೇಕು. 15 ಮೀಟರಿನ ಅಡಿಕೆ ಮರಕ್ಕೆ 30 ಮೀಟರ್. ಕಾರವಾರದ ಕಡಲಂಚಿನಲ್ಲಿ ಮಾಡುವವರಿಗೆ ಗಾಳಿಯದೇ ದೊಡ್ಡ ತಲೆನೋವು: ಮಾಪಕಕ್ಕೆ ಬಡಿದ ಗಾಳಿ ಮೇಲೆದ್ದು ಹನಿಗಳನ್ನು ಬಾಯಿ ದಾಟಿಸಿ ಒಯ್ಯುತ್ತದೆ, ಮಳೆ ಯಾವಾಗಲೂ ಕಡಿಮೆಯೇ ಕಾಣುತ್ತದೆ. ಕಟ್ಟೆಯ ಮೇಲೆ, ತಾರಸಿಯ ಮೇಲೆ ಇಡಲೇಬೇಡಿ.

ಓದುವುದು ಬೆಳಿಗ್ಗೆ 8:30ಕ್ಕೆ, ಇಲಾಖೆಯೂ ಓದುವ ಹೊತ್ತು. ಸೋಮವಾರ ರಾತ್ರಿ ಸುರಿದದ್ದು ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ.

ಆರಿದ್ರಾ ಹಿಡಿಯುವ ಮೊದಲು ಲಾಳಿಕೆಯ ಕುತ್ತಿಗೆಗೆ ಅಗಲ ಕಣ್ಣಿನ ಜಾಳಿಗೆ ಹಾಕಬೇಕು. ಒಂದೇ ಎಲೆ ಅಡ್ಡ ಕೂತರೂ ನೀರು ಪೈಪಿನಲ್ಲೇ ನಿಲ್ಲುತ್ತದೆ.